ಕಾರಣ ಸಾಲದು

ವಿರ್ತ್ಸು ದಡ ಬಿಟ್ಟ ಹಡಗು ಕುಯಿವಾಸ್ತು ಮುಟ್ಟಲು
ಇಪ್ಪತ್ತೇಳು ನಿಮಿಷ.
ಅಷ್ಟರೊಳಗೆ ಮಾಯ್ಮು ನಲವತ್ತು ಮಂದಿಯನ್ನು ಕೇಳಬೇಕು:
ನೀವೇಕೆ ಬಂದಿರಿ?

ಪ್ರವಾಸ ಇಲಾಖೆಯ ಹಾಳೆ. ಐದು ಚೌಕ.
ನಿಸರ್ಗ, ಇತಿಹಾಸ, ಆರೋಗ್ಯ, ಆಹಾರ, ಇತರೆ.
ಒಂದಕ್ಕೆ ಮಾತ್ರ ಗುರುತು ಹಾಕಿ ಎಂದು ಕೆಳಗೆ ದಪ್ಪಕ್ಷರ.
ಪೆನ್ಸಿಲಿಗೆ ದಾರ ಕಟ್ಟಿದ್ದಾಳೆ, ಯಾರೂ ಒಯ್ಯದ ಹಾಗೆ;
ಜೂನ್ ಮುಗಿಯುವಷ್ಟರಲ್ಲಿ ಒಂಬತ್ತು ಹೋಗಿವೆ,
ದಾರದ ಸಮೇತ.

ವಿಲ್ಯಾಂಡಿಯ ಸಂಸಾರ. ಗಂಡ ಕೇಳಿದ ಕೂಡಲೇ ‘ನಿಸರ್ಗ’ ಎಂದ.
ಹೆಂಡತಿ ಮೂಗಿನಲ್ಲೇ ನಕ್ಕಳು.
‘ನಿಜ ಹೇಳು ರೈವೊ. ಇಟಲಿಗೆ ಹೋಗೋಣ ಅಂದೆ ನಾನು,
ನಾಯಿಯನ್ನು ಯಾರು ನೋಡಿಕೊಳ್ಳುತ್ತಾರೆ ಅಂದೆ ನೀನು.
ನಿನ್ನ ಅಕ್ಕ ಅಂದೆ. ಅಕ್ಕ ಮಾತು ಬಿಟ್ಟಿದ್ದಾಳೆ ಅಂದೆ.
ಮಗಳಿಗೆ ಕಾರು ಮೂರು ಗಂಟೆ ದಾಟಿದರೆ ವಾಂತಿ.
ನಿಮ್ಮಮ್ಮನ ಡೇರೆ ಅಟ್ಟದ ಮೇಲೆ ಪುಕ್ಕಟೆ ಬಿದ್ದಿತ್ತು.
ಕಾರಿನ ಡಿಕ್ಕಿ ಇದ್ದಷ್ಟು ಕಾಲು ಚಾಚಿದ್ದೇವೆ, ಬರೆದುಕೊಳ್ಳಿ.’
ಮಾಯ್ಮು ಪೆನ್ಸಿಲನ್ನು ಚೌಕದಿಂದ ಚೌಕಕ್ಕೆ ಅಲೆಸಿ
ನಿಸರ್ಗಕ್ಕೇ ಗೀಟೆಳೆದಳು.
ವಾಂತಿಯೂ ನಿಸರ್ಗವೇ ತಾನೆ.

ರೀಗಾದ ಹುಡುಗಿ ಒಬ್ಬಳೇ, ಕಟಕಟೆಗೆ ಬೆನ್ನು ಕೊಟ್ಟು:
‘ನನ್ನ ಜೊತೆ ಬರುತ್ತೇನೆಂದವನು ಬೇರೆಯವಳ ಜೊತೆ ಬಂದು
ಗಾಳಿಗಿರಣಿಯ ಮುಂದೆ ನಿಂತು ಫೋಟೋ ಹಾಕಿದ್ದ.
ಅಂಥದ್ದೇನಿದೆ ಅಲ್ಲಿ, ನೋಡಬೇಕು.’
ತಾನೇ ಪೆನ್ಸಿಲು ಕಿತ್ತುಕೊಂಡು
‘ಇತಿಹಾಸ’ದ ಮೇಲೆ ಒತ್ತಿ ಒತ್ತಿ ಬರೆದಳು, ಹಾಳೆ ಹರಿಯುವಷ್ಟು.

ಕೆಸರುಸ್ನಾನಕ್ಕೆ ಹೊರಟ ನಿವೃತ್ತ ದಾದಿಯರಿಬ್ಬರು.
ಸೋಮವಾರದಿಂದ ಗುರುವಾರ ಅರ್ಧ ದರವಂತೆ.
ಮಂಡಿ ಶನಿವಾರವೂ ನೋಯುತ್ತದೆ, ಪಿಂಚಣಿಗೆ ಅದು ಗೊತ್ತಿಲ್ಲ.

ಆಮೇಲೆ ಆತ. ಕಿಟಕಿಯ ಪಕ್ಕ, ಕೋಟಿನ ಗುಂಡಿ ಪೂರ್ತಿ ಹಾಕಿ,
ಬೇಸಿಗೆಯಲ್ಲೂ.
ಪ್ರಶ್ನೆ ಕೇಳಿದ್ದೇ ಒಳಜೇಬಿನಿಂದ ಕಾಗದ ತೆಗೆದ;
ಮಡಿಕೆಯ ಜಾಗದಲ್ಲಿ ಬೆಳಕು ತೂರುವ ಕಾಗದ.
ಎಲ್ಮಾರ್ ತಮ್ಮಿಕ್, ವಯಸ್ಸು ಇಪ್ಪತ್ತೆರಡು. ಸಾವಿರದೊಂಬೈನೂರ ಎಪ್ಪತ್ತೊಂದು.
ಆಗ ದ್ವೀಪ ಗಡಿಪ್ರದೇಶ, ಪರವಾನಗಿಯಿಲ್ಲದೆ
ಹೊರಗಿನವರು ಹಡಗು ಹತ್ತುವಂತಿರಲಿಲ್ಲ.
‘ಹೊಸ ಮೋಟಾರ್‌ಸೈಕಲ್ ಕೊಂಡಿದ್ದೆ. ಒಂದು ಸುತ್ತು ಹಾಕೋಣ ಅಂತ.
ಅವರೂ ಇದನ್ನೇ ಕೇಳಿದ್ದರು, ಏಕೆ ಅಂತ.’
‘ಏನು ಬರೆದಿರಿ?’
‘ಸುಮ್ಮನೆ.
ಸುಮ್ಮನೆ ಬರುವವನನ್ನು ಕಂಡರೆ ಸರ್ಕಾರಕ್ಕೆ ಬಲು ಭಯ, ಮಗಳೇ.’
ಕೆಳಗೆ ನೇರಳೆ ಮೊಹರು:
ಕಾರಣ ಸಾಲದು.

ಮೋಟಾರ್‌ಸೈಕಲ್ ಎಲ್ಲಿ ಎಂದು ಅವಳು ಕೇಳಲಿಲ್ಲ.
ಹಡಗು ದಡಕ್ಕೆ ಮೂಗು ತಾಗಿಸಿ ನಡುಗಿತು,
ಕಾರುಗಳೆಲ್ಲ ಒಟ್ಟಿಗೆ ಕೆಮ್ಮಿದವು.

ಸಂಜೆಯ ಹಡಗಿನಲ್ಲಿ ಮತ್ತೆ ಆತ. ಕೈಯಲ್ಲಿ
ಪತ್ರಿಕೆಯಲ್ಲಿ ಸುತ್ತಿದ ಹೊಗೆಮೀನು.
‘ಸುತ್ತು ಆಯಿತೇ?’
‘ಬಂದರಿನಾಚೆ ಬಸ್‌ಸ್ಟಾಪಿನ ತನಕ. ಬೆಂಚು ಚೆನ್ನಾಗಿತ್ತು.
ಮೂರು ಗಂಟೆ ಕೂತಿದ್ದೆ, ಯಾರೂ ಏನೂ ಕೇಳಲಿಲ್ಲ.’
ಮೀನಿನ ಬಾಲ ಮುರಿದು ಅವಳಿಗೂ ಕೊಟ್ಟ.
ಯಾವ ಚೌಕವೆಂದು ತಿಳಿಯದೆ, ಎಣ್ಣೆಗೈಯಲ್ಲಿ
‘ಆಹಾರ’ ಎಂದು ಗುರುತು ಹಾಕಿದಳು. ಹಾಳೆಯ ಮೇಲೆ
ಹೆಬ್ಬೆರಳ ಕಲೆ ಉಳಿಯಿತು, ಆರನೆಯ ಚೌಕದ ಹಾಗೆ.

ಅವಳೂ ಹೋಗಿದ್ದಳು ಒಮ್ಮೆ, ಫೆಬ್ರುವರಿಯಲ್ಲಿ, ಟೆನೆರಿಫೆಗೆ.
ಸಹೋದ್ಯೋಗಿಯ ಮಗುವಿಗೆ ಅಮ್ಮ ಎದ್ದು ಟಿಕೆಟ್ ಕೈಬದಲಾಗಿತ್ತು.
ಎದುರು ಮನೆಯ ಉಪ್ಪರಿಗೆಯಲ್ಲಿ ಒಬ್ಬ ಗಂಡಸು
ಶಿಳ್ಳೆ ಹಾಕುತ್ತ ಬಟ್ಟೆ ಒಣಹಾಕುತ್ತಿದ್ದ.
ನೀಲಿ ಅಂಗಿಯೊಂದು ಹನ್ನೊಂದು ನಿಮಿಷಕ್ಕೆ ಒಣಗಿತು, ಗಡಿಯಾರ ನೋಡಿದ್ದಳು.
ಅವಳೂರಿನ ಹಗ್ಗದ ಮೇಲೆ ಆ ವಾರ
ಅಂಗಿಗಳು ಹಲಗೆಯಂತೆ ಸೆಟೆದು ನಿಂತಿದ್ದವು.

ಜ್ವಾಲಾಮುಖಿ ಹೇಗಿತ್ತು ಎಂದು ಕಚೇರಿಯವರು ಕೇಳಿದಾಗ
ದೊಡ್ಡದು
ಎಂದಿದ್ದಳು.